ಥಿಂಗ್: ಸಭೆಯೊಂದು ವಸ್ತುವಾದ ಬಗೆ

ಇಂಗ್ಲಿಷಿನ ‘ಥಿಂಗ್’, ಜರ್ಮನ್ ಮತ್ತು ಡಚ್ ಭಾಷೆಗಳ ‘ಡಿಂಗ್’, ಸ್ಕ್ಯಾಂಡಿನೇವಿಯದ ‘ಟಿಂಗ್’ ಒಂದೇ ಪದದ ಕವಲುಗಳು. ಹೆಸರು ನಾಲಿಗೆಗೆ ಬಾರದ ಯಾವ ವಸ್ತುವನ್ನಾದರೂ ಇಂದು ಈ ಪದದಿಂದ ಕರೆಯಬಹುದು. ಇಷ್ಟು ಸವೆದ ಪದದ ಹಳೆಯ ಅರ್ಥ ಮಾತ್ರ ಬಹಳ ಗಟ್ಟಿಯಾದದ್ದು: ಸಭೆ. ಊರಿನ ಸ್ವತಂತ್ರ ಜನ ಗೊತ್ತುಮಾಡಿದ ದಿನ ಬಯಲಿನಲ್ಲಿ ನೆರೆದು, ವ್ಯಾಜ್ಯ ತೀರಿಸಿ, ಕಟ್ಟಳೆ ಮಾಡುತ್ತಿದ್ದ ಕೂಟವದು. ‘ಕಾಲ’ ಎಂಬ ಅರ್ಥದ ಗಾಥಿಕ್ ಪದವೊಂದು ಇದರ ದಾಯಾದಿ ಎಂಬುದು ಭಾಷಾವಿಜ್ಞಾನಿಗಳ ಅಭಿಪ್ರಾಯ. ಹಾಗಾದರೆ ನಿಗದಿಯಾದ ಹೊತ್ತೇ ಪದದ ಬೇರಿನಲ್ಲಿದೆ.

ಈ ಸಭೆಗೆ ಒಬ್ಬ ದೇವರೂ ಇದ್ದ. ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಹೌಸ್‌ಸ್ಟೆಡ್ಸ್ ಕೋಟೆಯಲ್ಲಿ, ರೋಮನ್ ಸೇನೆಯಲ್ಲಿದ್ದ ಜರ್ಮಾನಿಕ್ ಸೈನಿಕರು ‘ಮಾರ್ಸ್ ಥಿಂಕ್ಸಸ್’ಗೆ ಕಲ್ಲಿನ ಬಲಿಪೀಠ ನಿಲ್ಲಿಸಿದ್ದಾರೆ. ಜರ್ಮನ್ನರು ಮಂಗಳವಾರವನ್ನು ‘ಡೀನ್‌ಸ್ಟಾಗ್’ ಎನ್ನುವುದು ಇದೇ ದೇವರಿಂದ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ.

ಸಭೆ ವಸ್ತುವಾದದ್ದು ಒಂದೇ ನೆಗೆತದಲ್ಲಲ್ಲ. ಮೊದಲು ಸಭೆಯ ಹೆಸರು ಅದರ ಮುಂದೆ ಬಂದ ವ್ಯಾಜ್ಯಕ್ಕೆ ಅಂಟಿತು. ವ್ಯಾಜ್ಯದಿಂದ ಯಾವುದೇ ವಿಷಯಕ್ಕೆ, ವಿಷಯದಿಂದ ಕೈಗೆ ಸಿಗುವ ವಸ್ತುವಿಗೆ ಹರಡಿತು. ಡಚ್ಚರ ನ್ಯಾಯಾಲಯಗಳಲ್ಲಿ ತುರ್ತು ವಿಚಾರಣೆಗೆ ಇಂದಿಗೂ ‘ಕೊರ್ಟ್ ಗೆಡಿಂಗ್’ ಎಂದೇ ಹೆಸರು; ನಡುವಿನ ಮೆಟ್ಟಿಲು ಅಲ್ಲಿ ಅಳಿದಿಲ್ಲ. ಲ್ಯಾಟಿನ್ ಕೂಡ ಇದೇ ಹಾದಿ ತುಳಿಯಿತು: ಮೊಕದ್ದಮೆ ಎಂಬ ಅರ್ಥವೂ ಇದ್ದ ‘ಕೌಸಾ’ ಇಟಾಲಿಯನ್ನಿನಲ್ಲಿ ‘ಕೋಸಾ’, ಫ್ರೆಂಚಿನಲ್ಲಿ ‘ಶೋಸ್’ ಆಗಿ ಬರೀ ವಸ್ತುವಾಯಿತು. ನಮ್ಮ ‘ಸಂಗತಿ’ಯೂ ದೂರದ್ದಲ್ಲ. ಸಂಸ್ಕೃತದಲ್ಲಿ ಕೂಡುವಿಕೆ ಎಂಬ ಅರ್ಥದ ಆ ಪದ ಕನ್ನಡದಲ್ಲಿ ವಿಷಯವಾಗಿ ನೆಲೆಸಿದೆ. ಜನ ಕೂಡಿ ಚರ್ಚಿಸಿದ್ದೇ ‘ವಿಷಯ’ ಎನಿಸಿಕೊಳ್ಳುವುದು ಒಂದೇ ಕುಲದ ಭಾಷೆಗಳ ವಿಚಿತ್ರವಲ್ಲ.

ಹಳೆಯ ಅರ್ಥ ಎಲ್ಲಕ್ಕಿಂತ ಚೆನ್ನಾಗಿ ಬಾಳಿದ್ದು ಉತ್ತರದಲ್ಲಿ. ಐಸ್‌ಲ್ಯಾಂಡಿನ ಆಲ್ಥಿಂಗಿ 930ರಲ್ಲಿ ಥಿಂಗ್‌ವೆಟ್ಲಿರ್ ಬಯಲಿನಲ್ಲಿ ಶುರುವಾಯಿತು. ಕಾನೂನು ಬರಹಕ್ಕಿಳಿಯುವ ಮುಂಚೆ ‘ಕಾನೂನು ನುಡಿಯುವವ’ನೊಬ್ಬ ಅದನ್ನು ಬಾಯಿಪಾಠದಿಂದ, ವರ್ಷಕ್ಕೆ ಮೂರನೇ ಒಂದು ಭಾಗದಂತೆ, ನೆರೆದವರಿಗೆ ಒಪ್ಪಿಸುತ್ತಿದ್ದ. 1800ರಲ್ಲಿ ರದ್ದಾದ ಆ ಸಭೆ 1845ರಲ್ಲಿ ಮತ್ತೆ ಸೇರಿತು. ನಾರ್ವೆಯ ಸಂಸತ್ತು ಸ್ಟೋರ್ಟಿಂಗ್, ಡೆನ್ಮಾರ್ಕಿನದು ಫೋಲ್ಕೆಟಿಂಗ್. ಸ್ವೀಡನ್ನಿನ ಕೆಳ ನ್ಯಾಯಾಲಯ ಟಿಂಗ್ಸ್‌ರೆಟ್.

ಇಂಗ್ಲಿಷಿನಲ್ಲಿ ಸಭೆಯ ಅರ್ಥ ಬಹುಬೇಗ ಮಾಸಿತು. ವೈಕಿಂಗರು ತಂದ ‘ಹೂಸ್‌ಥಿಂಗ್’, ಅಂದರೆ ಮನೆಯ ಸಭೆ, ಚುನಾವಣಾ ಪ್ರಚಾರದ ‘ಹಸ್ಟಿಂಗ್ಸ್’ ಆಗಿ ಉಳಿದಿದೆ. ಸ್ಕಾಟ್ಲೆಂಡಿನ ಡಿಂಗ್‌ವಾಲ್ ಎಂಬ ಊರ ಹೆಸರಿಗೂ ಐಲ್ ಆಫ್ ಮ್ಯಾನ್ ದ್ವೀಪದ ಸಂಸತ್ತು ಟಿನ್‌ವಾಲ್ಡ್‌ಗೂ ‘ಸಭೆಯ ಬಯಲು’ ಎಂದೇ ಮೂಲಾರ್ಥ. ಆ ಟಿನ್‌ವಾಲ್ಡ್ ಪ್ರತಿವರ್ಷ, ಸಾಮಾನ್ಯವಾಗಿ ಜುಲೈ 5ರಂದು, ಸೇಂಟ್ ಜಾನ್ಸ್ ಎಂಬ ಹಳ್ಳಿಯ ದಿಬ್ಬದ ಮೇಲೆ ಬಯಲಲ್ಲೇ ಸೇರುತ್ತದೆ. ಹೊಸ ಕಾನೂನುಗಳನ್ನು ಮ್ಯಾಂಕ್ಸ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಜನರ ಮುಂದೆ ಸಾರಲಾಗುತ್ತದೆ.