ರೆಡಿಮನಿಯವರ ಊರು ಯಾವುದು?

ಡೊಂಬಿವಲಿಯ ಓದುಗರೊಬ್ಬರು ಕೇಳಿದ್ದಾರೆ: ‘ಮುಂಬಯಿಯ ಕೋಟೆ ಭಾಗದ ವಿಶ್ವವಿದ್ಯಾಲಯದ ಘಟಿಕೋತ್ಸವ ಭವನಕ್ಕೆ ಹಣ ಕೊಟ್ಟವರು ಕಾವಸ್‌ಜಿ ಜಹಾಂಗೀರ್ ರೆಡಿಮನಿ ಅಂತೆ. ಹೊಸಮನಿ, ಕಟ್ಟೀಮನಿ, ದೊಡ್ಡಮನಿಯವರ ಹಾಗೆ ಇವರೂ ನಮ್ಮ ಧಾರವಾಡದ ಕಡೆಯವರೇನು?’

ಹೌದು ಎನ್ನಲು ನಾಲಗೆ ತುರಿಸಿತು. ಏನು ಮಾಡಲಿ, ಇವರು ಪಾರ್ಸಿಗಳು. ಕೇಳಿದವರಿಗೆ ರೊಕ್ಕ ಎಣಿಸಿ ಕೊಡುವ ಮನೆತನವೆಂದು ಅಂಟಿಕೊಂಡ ಅಡ್ಡಹೆಸರು ಅದು. 1908ರಲ್ಲಿ ಆ ಮನೆಗೆ ಬ್ಯಾರೊನೆಟ್ ಪದವಿ ಬಂತು. ಎಂದರೆ, ಹಿರಿಯ ಮಗನಿಗೆ ಇಳಿದು ಬರುವ ‘ಸರ್’. ಸರ್ ಎಂ. ವಿಶ್ವೇಶ್ವರಯ್ಯನವರ ‘ಸರ್’ ಅವರೊಂದಿಗೇ ಮುಗಿಯಿತು. ಇದರ ಜಾತಿ ಬೇರೆ.

ಇದನ್ನು ಮೊದಲು ಪಡೆದ ಭಾರತೀಯರು ಮುಂಬಯಿಯ ಜಮ್‌ಶೆಟ್‌ಜಿ ಜೀಜೀಭಾಯ್. ಚೀನಾಕ್ಕೆ ಹತ್ತಿ, ಅಫೀಮು ಸಾಗಿಸಿ ದುಡಿದವರು. 1842ರಲ್ಲಿ ಸಾದಾ ‘ಸರ್’, 1857ರಲ್ಲಿ ವಂಶದ ‘ಸರ್’. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ’ ಎಂಬ ಗಾದೆಯನ್ನು ಆ ಮನೆಯವರ ಕಿವಿಗೆ ಯಾರೋ ಕನ್ನಡಿಗರು ಹಾಕಿರಬೇಕೆಂದು ನನ್ನ ಗುಮಾನಿ. ಜೀಜೀಭಾಯ್ ತೀರಿಕೊಂಡ ಮರುವರ್ಷ, 1860ರಲ್ಲಿ, ಈ ಒಂದೇ ಮನೆತನಕ್ಕಾಗಿ ಕಾಯಿದೆ ಮಾಡಿ, ಬಿರುದು ಹೊತ್ತವನು ಮಜ್ಜಿಗೆಗೆ ಪರದಾಡದಂತೆ ಆಸ್ತಿಯನ್ನು ಟ್ರಸ್ಟಿನಲ್ಲಿ ಕಟ್ಟಿಟ್ಟರು. ಜೊತೆಗೊಂದು ಷರತ್ತು: ಪಟ್ಟಕ್ಕೆ ಬಂದವನು ಅಪ್ಪ ಅಮ್ಮ ಇಟ್ಟ ಹೆಸರು ಬಿಟ್ಟು ಜಮ್‌ಶೆಟ್‌ಜಿ ಜೀಜೀಭಾಯ್ ಆಗಬೇಕು. ಮಗ ಕರ್ಸೆಟ್‌ಜಿ ಜಮ್‌ಶೆಟ್‌ಜಿ ಆದ, ಮೊಮ್ಮಗ ಮಾಣೆಕ್‌ಜಿಯೂ ಆದ.

ನಮ್ಮಲ್ಲಿ ಇದರ ತಿರುಗುಮುರುಗು. ದೇಸಾಯಿ, ಕುಲಕರ್ಣಿ, ದೇಶಪಾಂಡೆ: ಹುದ್ದೆ ಹೋಯಿತು, ಹೆಸರು ಉಳಿಯಿತು. ಅಲ್ಲಿ ಹೆಸರೇ ಹುದ್ದೆಯಾಗಿ ಕೂತಿತು. ಪಾಪದ ಭಟ್ಟರ ಅಜ್ಜನಿಗೂ ದೇವಸ್ಥಾನಕ್ಕೆ ಹಾಲೆರೆಯುವ ಇನಾಮು ಇದ್ದಿರಬೇಕು ಎಂಬುದು ನನ್ನ ವಾದ; ಹಸುಗಳೂ ಇನಾಮೂ ಕರಗಿ, ಕ್ಷೀರಸಾಗರವೊಂದೇ ಮೊಮ್ಮಗನ ಕೊರಳಿಗೆ ಬಿತ್ತು. ಊರವರು ನಕ್ಕದ್ದು ಅನ್ಯಾಯ. ಅವರಿಗೊಂದು ಕಾಯಿದೆ ಮಾಡಿಕೊಡುವವರು ಇರಲಿಲ್ಲ, ಅಷ್ಟೇ.

ಇಷ್ಟೆಲ್ಲ ಭದ್ರ ಮಾಡಿದ ‘ಸರ್’ನ ಗತಿ ನೋಡಿ. ಸರ್ ಜೆ.ಜೆ. ಆಸ್ಪತ್ರೆ ಎಲ್ಲರ ಬಾಯಲ್ಲಿ ಬರೀ ‘ಜೇಜೇ’. ನಮ್ಮ ಕೆ.ಕೆ. ಹೆಬ್ಬಾರರು ಕಲಿತು ಕಲಿಸಿದ ಕಲಾಶಾಲೆಯೂ ‘ಜೇಜೇ’. ಸಾಲ ಬೇಕಾ ಎಂದು ಫೋನ್ ಮಾಡುವ ಹುಡುಗನಿಗೆ ಮಾತ್ರ ನಾನು ವಾಕ್ಯಕ್ಕೆ ಎರಡು ಸಲ ‘ಸರ್’. ಮೊನ್ನೆ ಕನ್ನಡದ ಸಭೆಯೊಂದರಲ್ಲಿ ‘ಮಾನ್ಯ ಶ್ರೀ ಸರ್‌ರವರೇ’ ಎಂದು ಕರೆದರು. ಕಾಯಿದೆ ಬೇಕಾಗಿರುವುದು ಇದಕ್ಕೆ.