ಪೆಟ್ಟಿಗೆಯ ಹೊರಗೆ ಬಿದ್ದ ಬೆಳಗಾವಿ

ಕರ್ನಾಟಕದಲ್ಲಿ ಜಿಲ್ಲೆಗಳು ಒಡೆದ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಕಳೆದ ಬೇಸಿಗೆಯಲ್ಲಿ ಊರಿಗೆ, ಮುಂಡಗೋಡ ತಾಲೂಕಿನ ಪಾಳಾಕ್ಕೆ ಬಂದಾಗ ಒಂದು ಅಧ್ಯಾಯದ ಕರಡನ್ನು ತಿದ್ದುತ್ತ ಕೂತಿದ್ದೆ. 2011ರ ಜನಗಣತಿಯ ಕೋಷ್ಟಕದಿಂದ ಬೆಂಗಳೂರು ನಗರ, ಬೆಳಗಾವಿ ಎರಡನ್ನೂ ‘ಸರಾಸರಿಯನ್ನು ಕೆಡಿಸುತ್ತವೆ’ ಎಂದು ತೆಗೆದುಹಾಕಿದ್ದೆ. ಆ ಸಾಲಿನ ಪಕ್ಕ ಮಾರ್ಗದರ್ಶಕರು ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಹಾಕಿ ಕಳಿಸಿದ್ದರು.

ಉತ್ತರ ಹುಡುಕಲು ಗ್ರಾಫ್ ಹಾಳೆಯ ಮೇಲೆ ಬಾಕ್ಸ್ ಪ್ಲಾಟ್ ಬರೆದೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ 1977ರ ತಮ್ಮ ಪುಸ್ತಕದಿಂದ ಜನಪ್ರಿಯಗೊಳಿಸಿದ ಚಿತ್ರ ಇದು. ಪೆನ್ಸಿಲ್ಲಿದ್ದರೆ ಸಾಕು. ಆಗಿದ್ದ 30 ಜಿಲ್ಲೆಗಳನ್ನು ಜನಸಂಖ್ಯೆಯ ಏರಿಕೆ ಕ್ರಮದಲ್ಲಿ ಬರೆದುಕೊಂಡೆ. ನಡುವಿನ ಎರಡು ಬೀದರ್ ಮತ್ತು ಶಿವಮೊಗ್ಗ. ಅವುಗಳ ಮಧ್ಯದ ಬೆಲೆ, ಅಂದರೆ ಮಧ್ಯಾಂಕ, ಸುಮಾರು 17.28 ಲಕ್ಷ. ಕೆಳಗಿನ 15 ಜಿಲ್ಲೆಗಳ ನಡುವಿನದು ಉಡುಪಿ, 11,77,361. ಮೇಲಿನ 15ರ ನಡುವಿನದು ದಕ್ಷಿಣ ಕನ್ನಡ, 20,89,649. ಇವೆರಡು ಚತುರ್ಥಕಗಳ ನಡುವೆ ಪೆಟ್ಟಿಗೆ. ಅದರ ಉದ್ದ ಸುಮಾರು 9.12 ಲಕ್ಷ, ಅದರ ಒಂದೂವರೆ ಪಟ್ಟು 13.68 ಲಕ್ಷ. ಅಷ್ಟನ್ನು ಮೇಲಿನ ಚತುರ್ಥಕಕ್ಕೆ ಕೂಡಿಸಿದರೆ 34.58 ಲಕ್ಷ. ಇದು ಬೇಲಿ. ಬೇಲಿಯ ಒಳಗಿನ ಕೊನೆಯ ಜಿಲ್ಲೆ ಮೈಸೂರು, 30,01,127. ಮೇಲಿನ ಮೀಸೆ ಅಲ್ಲಿಗೆ ಮುಗಿಯುತ್ತದೆ. ಬೇಲಿ ದಾಟಿದ ಚುಕ್ಕೆಗಳು ಎರಡೇ: 47,79,661ರ ಬೆಳಗಾವಿ, 96,21,551ರ ಬೆಂಗಳೂರು ನಗರ.

ನಾನು ಕಿತ್ತುಹಾಕಿದ್ದೂ ಇವನ್ನೇ. ಹಾಗಾದರೆ ಸರಿಯಾಗಿಯೇ ಮಾಡಿದ್ದೇನೆ ಎಂದು ಒಂದು ಗಳಿಗೆ ಖುಷಿಪಟ್ಟೆ.

ಆಮೇಲೆ ನಮ್ಮ ತಾಲೂಕಿಗೆ ತಾಗಿಕೊಂಡಿರುವ ಹಾನಗಲ್ಲು ನೆನಪಾಯಿತು. ಇಂದು ಅದು ಹಾವೇರಿ ಜಿಲ್ಲೆ. 1997ರವರೆಗೆ ಧಾರವಾಡ ಜಿಲ್ಲೆ. ಆ ವರ್ಷ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ಮಾಡಿದಾಗ ಧಾರವಾಡದಿಂದ ಗದಗ, ಹಾವೇರಿ ಬೇರೆಯಾದವು. 2011ರ ಲೆಕ್ಕದಲ್ಲಿ ಈ ಮೂರನ್ನೂ ಮತ್ತೆ ಕೂಡಿಸಿ ನೋಡಿದೆ: 45,09,261. 28 ಜಿಲ್ಲೆಗಳಿಗೆ ಹೊಸದಾಗಿ ಪೆಟ್ಟಿಗೆ ಬರೆದರೆ ಬೇಲಿ 39.63 ಲಕ್ಷಕ್ಕೆ ಸರಿಯುತ್ತದೆ. ಆದರೂ ಹಳೆಯ ಧಾರವಾಡ ಬೆಳಗಾವಿಯ ಜೊತೆಗೇ ಹೊರಗೆ ನಿಲ್ಲುತ್ತದೆ. ಅಂದರೆ ಧಾರವಾಡವನ್ನು ಬೇಲಿಯ ಒಳಗೆ ತಂದದ್ದು ಒಂದು ಸರ್ಕಾರಿ ಆದೇಶ. ಬೆಳಗಾವಿಗೆ ಅಂಥದ್ದು ಬರಲಿಲ್ಲ. ಚಿಕ್ಕೋಡಿ, ಗೋಕಾಕ ಜಿಲ್ಲೆಗಳ ಬೇಡಿಕೆ ಹಳೆಯದು. ಮಹಾರಾಷ್ಟ್ರದ ಜೊತೆಗಿನ ಗಡಿ ತಕರಾರು ಮುಗಿಯದೆ ಆ ಜಿಲ್ಲೆಯನ್ನು ಒಡೆಯಬಾರದೆಂಬ ವಾದವೂ ಅಷ್ಟೇ ಗಟ್ಟಿ. ಬೆಂಗಳೂರಿನ ಚುಕ್ಕೆ ನಗರ ಬೆಳೆದ ಕಥೆ, ಬೆಳಗಾವಿಯದು ಎಳೆಯದೇ ಉಳಿದ ಗೆರೆಯ ಕಥೆ. ಜಿಲ್ಲಾ ವಿಭಜನೆಯ ಮೇಲೆ ಪ್ರಬಂಧ ಬರೆಯುವವಳು ಕೈಬಿಟ್ಟದ್ದು ಇದನ್ನು!

ಕೆಳಗಿನ ಬೇಲಿ ಇನ್ನೂ ವಿಚಿತ್ರ. 11.77 ಲಕ್ಷದಿಂದ 13.68 ಲಕ್ಷ ಕಳೆದರೆ ಸಿಗುವುದು ಋಣಸಂಖ್ಯೆ. 5,54,519 ಜನರ ಕೊಡಗು ಮಾತ್ರವಲ್ಲ, ಒಬ್ಬರೂ ವಾಸಿಸದ ಜಿಲ್ಲೆಯಿದ್ದರೂ ಅದು ಬೇಲಿಯ ಒಳಗೇ ಇರುತ್ತಿತ್ತು. ದೊಡ್ಡವರನ್ನಷ್ಟೇ ಗುರುತಿಸುವ ನಿಯಮ.

ನಮ್ಮ ಉತ್ತರ ಕನ್ನಡ? 14,37,169. ಪೆಟ್ಟಿಗೆಯೊಳಗೆ ತಣ್ಣಗೆ ಕೂತಿದೆ, ಏನೂ ವಿಶೇಷವಿಲ್ಲದಂತೆ. ಆದರೆ ಈ ಜನ ಹರಡಿಕೊಂಡಿರುವುದು 10,000 ಚದರ ಕಿ.ಮೀ.ಗೂ ಹೆಚ್ಚಿನ ನೆಲದಲ್ಲಿ, ಅದರ ಬಹುಪಾಲು ಕಾಡು. ಚದರ ಕಿ.ಮೀ.ಗೆ ರಾಜ್ಯದಲ್ಲಿ 319 ಜನ, ಇಲ್ಲಿ 140. ಘಟ್ಟದ ಮೇಲಿನವರು ಶಿರಸಿ ಜಿಲ್ಲೆ ಕೇಳುತ್ತಿರುವುದಕ್ಕೆ ಕಾರಣ ತಲೆಯೆಣಿಕೆಯಲ್ಲಿಲ್ಲ, ಕಾರವಾರದ ದೂರದಲ್ಲಿದೆ. ಗ್ರಾಫ್ ಹಾಳೆಯನ್ನು ಅಪ್ಪನಿಗೆ ತೋರಿಸಿದೆ. “ಇದ್ರಾಗ ಘಟ್ಟ ಎಲ್ಲೈತಿ?” ಎಂದರು.

ಕೋಷ್ಟಕಕ್ಕೆ ಎರಡೂ ಜಿಲ್ಲೆಗಳನ್ನು ಮರಳಿ ಸೇರಿಸಿದ್ದೇನೆ. ಅಧ್ಯಾಯ ಈಗ ಬೆಳಗಾವಿಯಿಂದಲೇ ಶುರುವಾಗುತ್ತದೆ. ಘಟ್ಟಕ್ಕೆ ಬೇರೆ ಚಿತ್ರ ಬೇಕು, ಅದನ್ನಿನ್ನೂ ಬರೆದಿಲ್ಲ.