ಗದ್ದೆಯಲ್ಲಿ ಕಾಣೋ ಕೆಂಪು ಕಾಲಿನ ಹಕ್ಕಿ ಯಾವುದು? ಮೆಟ್ಟುಗಾಲು ಹಕ್ಕಿಯ ಪೂರ್ತಿ ಮಾಹಿತಿ

ಸಿಂಧನೂರು: ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಗದ್ದೆ ಕೆಸರಾಗುತ್ತಿದ್ದಂತೆ ಹಕ್ಕಿಗಳ ಹಿಂಡು ಇಳಿಯುತ್ತದೆ. ನಾವು ಎಲ್ಲವನ್ನೂ ಕೊಕ್ಕರೆ ಅಂತ ಕರೆದುಬಿಡ್ತೀವಿ. ಅದರಲ್ಲಿ ಕಪ್ಪು ರೆಕ್ಕೆ, ಉದ್ದನೆಯ ಕೆಂಪು ಕಾಲು ಇರೋ ಹಕ್ಕಿಯ ಹೆಸರು ಮೆಟ್ಟುಗಾಲು ಹಕ್ಕಿ.

ಗುರುತು ಹಿಡಿಯೋದು ಹೇಗೆ?
ಕೊಕ್ಕಿನಿಂದ ಬಾಲದವರೆಗೆ 35ರಿಂದ 40 ಸೆಂ.ಮೀ. ಉದ್ದ. ಕಾಲು ಸುಮಾರು ಒಂದು ಗೇಣು. ಕೊಕ್ಕು ಕಪ್ಪು, ನೇರ, ಸೂಜಿಯಂತೆ ತೆಳು. ಹೊಟ್ಟೆ ಬಿಳಿ. ಗಂಡಿನ ಬೆನ್ನು ಕಡುಗಪ್ಪು, ಹೆಣ್ಣಿನದು ಕಂದು. ಹಾರುವಾಗ ಕಾಲು ಬಾಲದಾಚೆ ಚಾಚಿಕೊಂಡಿರುತ್ತದೆ.

ಬೆಳ್ಳಕ್ಕಿ ಮೈಯೆಲ್ಲಾ ಬಿಳಿ. ಟಿಟ್ಟಿಭದ ಕಾಲು ಹಳದಿ, ಕಣ್ಣಿನ ಮುಂದೆ ಕೆಂಪು ಚರ್ಮ. ಬಣ್ಣದ ಕೊಕ್ಕರೆ ಬಹಳ ದೊಡ್ಡದು, ಕೊಕ್ಕು ದಪ್ಪ, ಹಳದಿ.

ಎಲ್ಲಿರುತ್ತದೆ?
ನಾಟಿಗೆ ಮುಂಚಿನ ಗದ್ದೆ, ಕೆರೆಯಂಚು, ಬಸಿಗಾಲುವೆ, ಜವಳು ಹಿಡಿದ ಜಮೀನು. ಸವಳು ನೀರಾದರೂ ನಡೆಯುತ್ತದೆ. ನೀರು ಮಾತ್ರ ಆಳ ಇರಬಾರದು. ನೀರಿನ ಹುಳ, ಸಣ್ಣ ಬಸವನಹುಳ ಇದರ ಆಹಾರ. ಪೈರು ಎತ್ತರವಾದರೆ ಜಾಗ ಬದಲಿಸುತ್ತದೆ.

ಮೊಟ್ಟೆ ನೆಲದ ಮೇಲೆ
ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನೀರಿನ ಅಂಚಿನ ನೆಲದಲ್ಲೇ ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಹಾಗಾಗಿ ಟ್ರ್ಯಾಕ್ಟರ್ ಮೇಲೆ ಕೂತವರ ಕಣ್ಣಿಗೆ ಬೀಳೋದು ಕಷ್ಟ. ಹಕ್ಕಿಗಳು 'ಕಿಕ್ ಕಿಕ್' ಅಂತ ಕೂಗುತ್ತಾ ತಲೆ ಮೇಲೆ ಸುತ್ತಿದರೆ ಗೂಡು ಹತ್ತಿರದಲ್ಲೇ ಇದೆ ಎಂದರ್ಥ. ಮರಿಯಾಗಲು 22ರಿಂದ 26 ದಿನ ಬೇಕು. ಹುಟ್ಟಿದ ಮರಿ ಒಂದು ದಿನದೊಳಗೆ ಓಡಾಡುತ್ತದೆ. ಅಲ್ಲಿವರೆಗೆ ಗೂಡಿನ ಸುತ್ತ ಎರಡು ಮಾರು ಜಾಗ ಬಿಟ್ಟರೆ ಸಾಕು.

ಅಂಗಡಿಯವರೂ ಗಮನಿಸಿ
ಕ್ರಿಮಿನಾಶಕದ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆದರೆ ಹುಳಕ್ಕೆ, ಹುಳ ತಿನ್ನೋ ಹಕ್ಕಿಗೆ, ಅದೇ ನೀರು ಕುಡಿಯೋ ದನಕ್ಕೆ, ಕೊನೆಗೆ ಮನುಷ್ಯರಿಗೂ ಅಪಾಯ. ಔಷಧ ಮಾರುವಾಗ ಗೊಬ್ಬರದಂಗಡಿಯವರು ಈ ಒಂದು ಮಾತು ಹೇಳಿದರೆ ದೊಡ್ಡ ಉಪಕಾರ. ಬಲೆ ಹಾಕಿ ಹಕ್ಕಿ ಹಿಡಿಯೋದು, ಮಾರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ ನೀರಾವರಿಗೆ ಕಟ್ಟಿದ್ದು. ಹಕ್ಕಿಗಳು ನೆಲೆ ನಿಂತಿದ್ದರಿಂದ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮೂರ ಕೆರೆಯಂಚಿಗೆ ಮಣ್ಣು, ಕಸ ಸುರಿಯೋ ಮುಂಚೆ ಇದು ನೆನಪಿರಲಿ.